ಮಾದಾಪುರದ ಹತ್ತಿರ ಹಳೇ ಮನೆ: ಸೋಲಾರ್, ಜನರೇಟರ್, ತೋಡಿನ ಟರ್ಬೈನ್, ಏನೇನು ನೋಡಬೇಕು?

ಮನೆ_ಹುಡುಕಾಟ
ನಮಸ್ಕಾರ. ಕೊಡಗಿನ ಮಾದಾಪುರದ ಹತ್ತಿರ ಎರಡು ಎಕರೆ ಕಾಫಿ ತೋಟದ ಜೊತೆ ಒಂದು ಹೆಂಚಿನ ಮನೆ ಮಾರಾಟಕ್ಕಿದೆ. ನಾವು ಮೈಸೂರಿನವರು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇರಲ್ಲ ಅಂತ ಕೇಳಿದ್ದೇವೆ. ಮಾರುವವರು "ಆ ಚಿಂತೆಯೇ ಬೇಡ, ಸೋಲಾರ್ ಇದೆ, ಜನರೇಟರ್ ಇದೆ, ಕೆಳಗೆ ತೋಡಿನಲ್ಲಿ, ಅಂದರೆ ಹಳ್ಳದಲ್ಲಿ, ನೀರಿನಿಂದ ಕರೆಂಟ್ ಮಾಡುವ ಟರ್ಬೈನ್ ಕೂಡ ಇದೆ" ಅನ್ನುತ್ತಾರೆ, ಅದಕ್ಕೆಲ್ಲ ಸೇರಿಸಿಯೇ ರೇಟ್ ಹೇಳುತ್ತಿದ್ದಾರೆ. ಹೋಗಿ ನೋಡಿದರೆ ಮಾಡಿನ ಮೇಲೆ ಎರಡು ಥರದ ಪ್ಲೇಟ್, ಸ್ಟೋರ್ ರೂಮಿನಲ್ಲಿ ಬ್ಯಾಟರಿ, ಗೋಡೆ ತುಂಬಾ ಸ್ವಿಚ್ಚು. ಯಾವುದು ಯಾವುದಕ್ಕೆ ಅಂತ ತಲೆಬುಡ ಗೊತ್ತಾಗಲಿಲ್ಲ. ಭಾನುವಾರ ಮತ್ತೆ ಹೋಗುತ್ತೇವೆ. ಏನು ನೋಡಬೇಕು ಹೇಳಿ.

ವೈರಿಂಗ್_ವಿರಾಜಪೇಟೆ
ಸರ್, ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿ, ಮನೆಯೊಳಗೆ ಒಂದು ಸುತ್ತು ಹಾಕಿ. ಆಗಲೂ ಯಾವ ಲೈಟು ಉರಿಯುತ್ತೆ, ಯಾವ ಪ್ಲಗ್‌ನಲ್ಲಿ ಕರೆಂಟ್ ಇದೆ ಅಂತ ನೋಡಿದರೆ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತೆ. ಒಂದು ಎಚ್ಚರಿಕೆ, ಬಿಸಿಲಿದ್ದಾಗ ಮೇನ್ ಆಫ್ ಆದರೂ ಪ್ಯಾನೆಲ್‌ನಿಂದ ಇಳಿಯುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತೆ. ಅದನ್ನು ಮುಟ್ಟಬೇಡಿ.

ಆಮೇಲೆ ಚೇಂಜ್‌ಓವರ್ ಸ್ವಿಚ್ ಹುಡುಕಿ. ದೊಡ್ಡ ಹಿಡಿ, ಮೂರು ಜಾಗಕ್ಕೆ ತಿರುಗುತ್ತೆ: ಒಂದು ಕಡೆ ಲೈನ್, ಒಂದು ಕಡೆ ಜನರೇಟರ್, ಮಧ್ಯೆ ಆಫ್. ಅದಿಲ್ಲದೆ ಜನರೇಟರ್ ಇದೆ ಅಂದರೆ ನಾನಾದರೆ ಅಲ್ಲೇ ಮಾತು ನಿಲ್ಲಿಸುತ್ತೇನೆ. ಒಂದು ತೋಟದ ಮನೆಯಲ್ಲಿ ಎರಡೂ ತುದಿಗೆ ಪ್ಲಗ್ ಇರುವ ವೈರು ನೋಡಿದ್ದೆ. ಒಂದು ತುದಿ ಜನರೇಟರ್‌ಗೆ, ಇನ್ನೊಂದು ಅಡುಗೆಮನೆಯ ಮಿಕ್ಸಿ ಪ್ಲಗ್‌ಗೆ! ಮೇನ್ ಆಫ್ ಮಾಡುವುದು ಒಂದು ದಿನ ಮರೆತರೆ ಆ ಕರೆಂಟ್ ಲೈನಿಗೆ ಹಿಂದಕ್ಕೆ ಹೋಗುತ್ತೆ, ಟ್ರಾನ್ಸ್‌ಫಾರ್ಮರ್ ಉಲ್ಟಾ ಕೆಲಸ ಮಾಡಿ 11,000 ವೋಲ್ಟ್ ಕಡೆಗೂ ಹತ್ತಬಹುದು. ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮ್ಯಾನ್ ಗತಿ ಏನು?

ಜನರೇಟರ್ ಸ್ಟಾರ್ಟ್ ಮಾಡಿಸುವ ಮುಂಚೆ ಇಂಜಿನ್ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಒಂದು ರೌಂಡ್ ಓಡಿಸಿದ್ದಾರೆ ಅಂತ. ತಣ್ಣಗಿರುವಾಗ ಒಂದೇ ಸಲಕ್ಕೆ ಹೊತ್ತಿಕೊಳ್ಳಬೇಕು, ಮೋಟಾರ್ ಹಾಕಿದಾಗಲೂ ಉಸಿರು ಕಟ್ಟಬಾರದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಮತ್ತೆ ಹೊಗೆ ಪೈಪ್ ಎಲ್ಲಿಗೆ ಬಿಟ್ಟಿದ್ದಾರೆ ನೋಡಿ. ಮಳೆಗೆ ನೆನೆಯುತ್ತೆ ಅಂತ ಜನರೇಟರನ್ನು ಸ್ಟೋರ್ ರೂಮ್ ಒಳಗೇ ಇಟ್ಟು ಬಾಗಿಲು ಹಾಕುವವರಿದ್ದಾರೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಸಿಲ್ವರ್‌ಓಕ್
ನಾನು ಪೆಟ್ಟು ತಿಂದವನು, ಹಾಗಾಗಿ ಹೇಳುತ್ತೇನೆ. ಮಾಡಿನ ಮೇಲೆ ಪ್ಲೇಟ್ ಕಂಡ ತಕ್ಷಣ ಸೋಲಾರ್ ಕರೆಂಟ್ ಅಂದುಕೊಳ್ಳಬೇಡಿ. ಪಕ್ಕದಲ್ಲಿ ಟ್ಯಾಂಕು, ನೀರಿನ ಪೈಪು ಇದ್ದರೆ ಅದು ಬರೀ ಸ್ನಾನದ ನೀರಿನ ಸೋಲಾರ್. ಕರೆಂಟಿನ ಪ್ಯಾನೆಲ್ ಅಡಿಯಿಂದ ವೈರು ಮಾತ್ರ ಬರುತ್ತೆ.

ನಮ್ಮ ಮನೆಯಲ್ಲಿ ನಿಜವಾದ ಪ್ಯಾನೆಲ್ಲೇ ಇತ್ತು, ಆದರೆ ಆನ್‌ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ್ದು. ಮೊದಲ ಕಕ್ಕಡದ (ಆಷಾಢದ ಹೊತ್ತಿನ) ಮಳೆಗೆ ಕರೆಂಟ್ ಹೋಯಿತು, ಸೋಲಾರೂ ಆಫ್! ಲೈನ್ ಸತ್ತರೆ, ಪ್ಯಾನೆಲ್ ಕರೆಂಟನ್ನು ಮನೆಗೆ ಆಗುವ ಹಾಗೆ ಬದಲಿಸುವ ಇನ್ವರ್ಟರ್ ತಾನೇ ನಿಂತುಬಿಡುತ್ತೆ, ಲೈನ್‌ಮ್ಯಾನ್ ಸುರಕ್ಷತೆಗೆ ಅಂತಲೇ ಹಾಗೆ ಮಾಡಿರುವುದು. ಬ್ಯಾಟರಿ ಇರುವ ಹೈಬ್ರಿಡ್ (ಲೈನಿಗೂ ಬ್ಯಾಟರಿಗೂ ಜೋಡಿಸಿದ್ದು) ಅಥವಾ ಆಫ್‌ಗ್ರಿಡ್ (ಬರೀ ಬ್ಯಾಟರಿ ಮೇಲೆ ನಡೆಯುವುದು) ಆದರೆ ಮಾತ್ರ ಕತ್ತಲೆಯಲ್ಲಿ ಉಪಯೋಗ. ಮೀಟರಿನಲ್ಲಿ ಒಳಗೆ ಬಂದದ್ದು, ಹೊರಗೆ ಕೊಟ್ಟದ್ದು ಎರಡೂ ಯೂನಿಟ್ ತೋರಿಸುತ್ತಿದ್ದರೆ ಅದು ನೆಟ್ ಮೀಟರ್. ಆಗ ಕರೆಂಟ್ ಬಿಲ್ಲಿನ ಆರ್.ಆರ್. ನಂಬರ್ (ಕನೆಕ್ಷನ್ ನಂಬರ್) ಹೆಸರು ಬದಲಾಯಿಸುವಾಗ ಸೋಲಾರ್ ಒಪ್ಪಂದದ್ದೂ ಕೇಳಿ.

ಬ್ಯಾಟರಿ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತೆ, ಓದಿ. ಟರ್ಮಿನಲ್ ಸುತ್ತ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಯಾರೂ ನೋಡಿಕೊಂಡಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಹಾಗಾಗಿ ಗಾಳಿ ಆಡುವ ಜಾಗ ಬೇಕು. ಇನ್ನೊಂದು, ಪಕ್ಕದ ಸಿಲ್ವರ್ ಓಕ್ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಆ ಸಾಲಿನದ್ದೇ ಕರೆಂಟ್ ಇಳಿಯಬಹುದು. ನಾನು ಮರ ಕಡಿಯಲಿಲ್ಲ, ಅದಕ್ಕೆ ಹಬ್ಬಿದ ಕಾಳುಮೆಣಸು ಪ್ಯಾನೆಲ್‌ಗಿಂತ ಜಾಸ್ತಿ ದುಡ್ಡು ಕೊಡುತ್ತೆ!

ತೋಡಿನ_ಕರೆಂಟು
ಭಾಗಮಂಡಲ ಕಡೆಯವನು, ನಮ್ಮದು ಒಂದು ಕಿಲೋವ್ಯಾಟ್ ಪಿಕೋ ಹೈಡ್ರೋ, ಅಂದರೆ ತೋಡಿನ ನೀರಿನಿಂದ ಓಡುವ ಪುಟ್ಟ ಟರ್ಬೈನ್. ಜೂನ್‌ನಿಂದ ನೀರಿರುವ ತನಕ ರಾಜ. ಬೇಸಿಗೆಯಲ್ಲಿ ಸುಮ್ನೆ ಕಬ್ಬಿಣ. ಈಗ ನೋಡಿದರೆ ನಿಮಗೆ ಓಡುವುದು ಕಾಣಲ್ಲ, ಹಾಗಾಗಿ ಅದರ ಕರೆಂಟ್ ಹತೋಟಿಯಲ್ಲಿಡುವ ಕಂಟ್ರೋಲರ್ ಪೆಟ್ಟಿಗೆ ನೋಡಿ. ಕಂಟ್ರೋಲರ್‌ಗೆ ಒಂದು ಹೀಟರ್ ಕಾಯಿಲ್ ಕಟ್ಟಿರಬೇಕು, ಮನೆಯಲ್ಲಿ ಬಳಸದೆ ಉಳಿದ ಕರೆಂಟ್ ಅದರಲ್ಲಿ ಉರಿದು ಹೋಗುತ್ತೆ. ಅದು ಸುಟ್ಟು ಹೋಗಿದ್ದರೆ ಲೋಡ್ ಕಡಿಮೆ ಆದಾಗ ಟರ್ಬೈನ್ ಓಟ ಕಿತ್ತು ವೋಲ್ಟೇಜ್ ಏರುತ್ತೆ, ಟಿವಿ, ಬಲ್ಬು ಎಲ್ಲ ಢಮಾರ್. ಪೈಪು ಯಾರ ಜಾಗದ ಮೇಲೆ ಬರುತ್ತೆ ಅಂತಲೂ ಕೇಳಿ ಮಾರಾಯ್ರೇ, ಜಗಳ ಹುಟ್ಟುವುದು ಅಲ್ಲಿ.

ಮನೆ_ಹುಡುಕಾಟ
ಹೋಗಿ ಬಂದೆವು, ಎಲ್ಲರಿಗೂ ಥ್ಯಾಂಕ್ಸ್. ಎರಡರಲ್ಲಿ ಒಂದು ಪ್ಲೇಟ್ ಸ್ನಾನದ ನೀರಿನದ್ದೇ. ಚೇಂಜ್‌ಓವರ್ ಇದೆ, ಸರಿಯಾಗಿದೆ. ಬ್ಯಾಟರಿ ಮೇಲೆ 2016 ಅಂತ ಇತ್ತು. ಜನರೇಟರ್ ಹತ್ತಿರ ಕೈ ಹಿಡಿದೆ, ಬಿಸಿ ಇತ್ತು, ಕೇಳಿದರೆ ನಕ್ಕರು. ರೇಟ್ ಬಗ್ಗೆ ಮತ್ತೆ ಕೂತು ಮಾತಾಡೋಣ ಅಂದಿದ್ದಾರೆ. ಟರ್ಬೈನ್ ಪೈಪಿನೊಳಗೆ ಏಡಿ ಸಂಸಾರ ಮಾಡಿಕೊಂಡಿದೆ.