ಪದ ಬೇಕು (ತುರ್ತು): ನಕ್ಷೆಯಲ್ಲಿ ಗುರುತು ಮಾತ್ರ ಸರಿದಿದೆ ಅನ್ನುವುದಕ್ಕೆ

ಬಳಗದವರಿಗೆ ನಮಸ್ಕಾರ.

ನಾಳೆ ಸಂಜೆ ನಕ್ಷೆ ಪ್ರಿಂಟ್‌ಗೆ ಹೋಗುತ್ತದೆ. ಅಷ್ಟರೊಳಗೆ ಎರಡು ಪದ ಬೇಕು.

ನಾನು ಬೆಂಗಳೂರಿನಲ್ಲಿ ಕಟ್ಟಡಗಳ ಎಲೆಕ್ಟ್ರಿಕಲ್ ನಕ್ಷೆ ಮಾಡುವವಳು. ಕೆಲಸವೆಲ್ಲ ಕಟ್ಟಡದ ನಕ್ಷೆ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ. ಒಂದು ಗೋಡೆ ತೆಗೆದುಕೊಳ್ಳಿ. ನೆಲದಿಂದ 300 ಮಿ.ಮೀ. ಎತ್ತರಕ್ಕೆ ಪ್ಲಗ್, ಅದರ ನೇರಕ್ಕೇ 1200ರಲ್ಲಿ ಸ್ವಿಚ್ ಬೋರ್ಡ್, 2100ರಲ್ಲಿ ಎಸಿ ಪಾಯಿಂಟ್. ಗೋಡೆ ಮುಂದೆ ನಿಂತರೆ ಮೂರೂ ಬೇರೆ ಬೇರೆ ಕಾಣುತ್ತವೆ. ನಕ್ಷೆ ಮೇಲಿನಿಂದ ನೋಡಿ ಬರೆದದ್ದು, ಅಲ್ವಾ? ಅಲ್ಲಿ ಮೂರೂ ಒಂದೇ ಜಾಗದಲ್ಲಿ ಬಂದು ಕೂರುತ್ತವೆ, ಯಾವುದೂ ಓದೋಕಾಗಲ್ಲ. ಅಕ್ಕಪಕ್ಕದಲ್ಲಿರುವವಕ್ಕೂ ಇದೇ ಕಷ್ಟ. 1:100 ನಕ್ಷೆಯಲ್ಲಿ 3 ಮಿ.ಮೀ. ಅಗಲದ ಗುರುತು ಹಾಕಿದರೆ ಅದು ಗೋಡೆಯ 300 ಮಿ.ಮೀ. ಜಾಗ ತಿನ್ನುತ್ತದೆ. ನಿಜವಾದ ಚಿಕ್ಕ ಪ್ಲೇಟು ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ.

ಅದಕ್ಕೆ ನಾವು ಪ್ಲಗ್‌ನ ಫ್ಯಾಮಿಲಿ (ರೆವಿಟ್‌ನಲ್ಲಿ ಒಂದು ಬಗೆಯ ವಸ್ತುವಿನ ಅಚ್ಚು) ಒಳಗೆ ಗುರುತನ್ನು ಬೇರೆಯಾಗಿ ಇಟ್ಟು, ಅದಕ್ಕೊಂದು ದೂರದ ಅಳತೆ ಕೊಡುತ್ತೇವೆ. ಅಳತೆ ಬದಲಿಸಿದರೆ ಗುರುತು ಪಕ್ಕಕ್ಕೆ ಹೋಗುತ್ತದೆ, ಪ್ಲಗ್ ಇದ್ದಲ್ಲೇ ಇರುತ್ತದೆ. ನಡುವೆ ಒಂದು ಸಣ್ಣ ಗೆರೆ.

ಹೋದ ವರ್ಷ ಒಂದು ಸೈಟಿನಲ್ಲಿ ಹೀಗೆ ಸರಿಸಿದ ನಕ್ಷೆ ಕೊಟ್ಟೆವು, ಸೂಚನೆ ಬರೆಯಲಿಲ್ಲ. ವೈರಿಂಗ್‌ನವರು ಸ್ಕೇಲ್ ಇಟ್ಟು ಗುರುತಿನ ನಡುಮಧ್ಯಕ್ಕೆ ಅಳೆದು ಗೋಡೆ ಕೊರೆದರು. ಪ್ಲಗ್ ಒಂದಡಿ ಆಚೆ, ಬೀರು ಬರುವ ಜಾಗಕ್ಕೆ ಹೋಯಿತು. ಅವರದೇನೂ ತಪ್ಪಿಲ್ಲ. ನಕ್ಷೆ ಹೇಳಿದ್ದನ್ನೇ ಮಾಡಿದರು. ಈ ಸಲ ಸೂಚನೆ ಕನ್ನಡದಲ್ಲೇ ಹಾಕಬೇಕು ಅಂತ ನಾನೇ ಹಟ ಹಿಡಿದಿದ್ದೇನೆ.

ಬೇಕಾದದ್ದು: (1) ಓವರ್‌ಲ್ಯಾಪ್. ನಿಘಂಟಿನಲ್ಲಿ ‘ಅತಿವ್ಯಾಪನೆ’ ಸಿಕ್ಕಿತು, ಮನಸ್ಸು ಒಪ್ಪಲಿಲ್ಲ. (2) ಸಿಂಬಲ್ ಆಫ್‌ಸೆಟ್. ವಸ್ತು ಅಲ್ಲೇ ಇದೆ, ಗುರುತು ಮಾತ್ರ ಸರಿದಿದೆ ಅನ್ನುವ ಅರ್ಥ ಬರಲೇಬೇಕು.

-----

> ‘ಅತಿವ್ಯಾಪನೆ’ ಸಿಕ್ಕಿತು

ದಯವಿಟ್ಟು ಬೇಡ. ಅತಿವ್ಯಾಪ್ತಿ ತರ್ಕಶಾಸ್ತ್ರದ ಪದ. ಹೇಳಿದ ಲಕ್ಷಣ ಬೇಡದ ವಸ್ತುವಿಗೂ ತಾಕಿದರೆ ಆ ದೋಷಕ್ಕೆ ಆ ಹೆಸರು. ‘ಕೊಂಬಿರುವುದೇ ಹಸು’ ಅಂದರೆ ಎಮ್ಮೆಯೂ ಹಸುವಾಗುತ್ತದೆ, ಅದು ಅತಿವ್ಯಾಪ್ತಿ. ಎರಡು ಚಿತ್ರ ಒಂದರ ಮೇಲೊಂದು ಬರುವುದಕ್ಕೂ ಅದಕ್ಕೂ ಏನು ಸಂಬಂಧ?

(2)ಕ್ಕೆ ‘ಚಿಹ್ನಾಪಸರಣ’ ಅನ್ನಬಹುದು. ಅರ್ಥ ಖಚಿತ.

— ಮೈಸೂರಿನಿಂದ

-----

ಚಿಹ್ನಾಪಸರಣ! ಗೋಡೆ ಕೊರೆಯುವವರು ಓದಬೇಕಾದ ಪದ ಇದು, ಸ್ವಾಮಿ.

ಮೊದಲು ‘ಚಿಹ್ನೆ’ ಬಿಡಿ. ‘ಗುರುತು’ ನಮ್ಮದು. ಹಿಂದೆ ಅದನ್ನು ಬರೆಯುತ್ತಿದ್ದದ್ದು ‘ಗುಱುತು’ ಅಂತ. ಗುಱಿ, ಕುಱುಹು, ತಮಿಳಿನ ಕುಱಿ, ಎಲ್ಲ ಒಂದೇ ಬೇರು. ‘ಕುಱುಪು’ ಅನ್ನುವುದರ ಪಕಾರ ಹಕಾರವಾಗಿ ‘ಕುರುಹು’ ಬಂತು. ಎಲೆಕ್ಟ್ರಿಕಲ್ ನಕ್ಷೆಗೂ ಈ ಬೇರು ಸಾಕು.

(1) ಮೇಲ್ಬೀಳಿಕೆ. (2) ಗುರುತುಸರಿಕೆ. ಮುಗಿಯಿತು. ಪ್ಲಗ್, ಸ್ವಿಚ್‌ಗೂ ಕನ್ನಡ ಹುಡುಕಿ, ಎಷ್ಟು ದಿನ ಸಾಲ? ಆಂಡಯ್ಯ 13ನೇ ಶತಮಾನದಲ್ಲೇ ಸಂಸ್ಕೃತ ಪದಗಳನ್ನು ಹಾಗೇ ತರದೆ ಕಾವ್ಯ ಬರೆದು ತೋರಿಸಿದ್ದಾನೆ.

— ತೀರ್ಥಹಳ್ಳಿಯಿಂದ

-----

ಮೇಲೆ ಬೀಳುವುದು ಅಂದರೆ ಜಗಳಕ್ಕೆ ಹೋಗುವುದು. ‘ನಾಯಿ ಮೇಲೆ ಬಿತ್ತು’ ಅನ್ನುವುದಿಲ್ಲವೇ? ಮೇಲ್ಬೀಳಿಕೆ ನಡೆಯದು.

ಆಂಡಯ್ಯನ ಮಾತು ಎತ್ತಿದ್ದೀರಿ. ಆತ ತದ್ಭವ ಬಿಡಲಿಲ್ಲ. ಬಂದ ಪದವನ್ನು ಕನ್ನಡದ ಬಾಯಿಗೆ ಒಗ್ಗಿಸಿಕೊಂಡ. ಸ್ವಿಚ್ಚು, ಸ್ವಿಚ್ಚಿಗೆ, ಸ್ವಿಚ್ಚಿನ ಅಂತ ವಿಭಕ್ತಿ ಹತ್ತಿ, ಕೊನೆಗೆ ಉಕಾರ ಬಂದು ಕೂತ ಮೇಲೆ ಅದು ಯಾರ ಪದ? ನಮ್ಮ ಕಡೆ ‘ಸ್ವಿಚ್ ಒತ್ತು’ ಅಂತ ಮಕ್ಕಳೂ ಹೇಳುತ್ತಾವೆ. ಅದನ್ನು ಕಿತ್ತು ಹೊಸದು ನೆಡುವುದು ಸುಮ್ನೆ ಹಟ.

ಎರಡು ಕಂಬಿಯ ತುದಿ ಜೋಡಿಸಿ ಕಟ್ಟುವಾಗ ಕಬ್ಬಿಣ ಕಟ್ಟುವವರು ‘ಲ್ಯಾಪ್ ಕೊಡಿ’ ಅನ್ನುತ್ತಾರೆ, ಎಲ್ಲರಿಗೂ ತಿಳಿಯುತ್ತದೆ. ಓವರ್‌ಲ್ಯಾಪ್ ಅಂತಲೇ ಇಡಿ.

— ಧಾರವಾಡದಿಂದ

-----

ಕಬ್ಬಿಣದ ಲ್ಯಾಪ್ ಬೇಕು ಅಂತಲೇ ಕೊಡುವುದು. ಇಲ್ಲಿ ಬೇಡದ್ದು ಆಗಿರುವುದು. ಎರಡನ್ನೂ ಒಂದೇ ಪದದಲ್ಲಿ ಕಟ್ಟಬೇಡಿ.

ಇನ್ನು ‘ಆಫ್‌ಸೆಟ್-ಗುರುತು’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಬೇರೆ ಬೇರೆ ಭಾಷೆಯ ಪದ ಬೆಸೆದ ಸಮಾಸ.

— ಮತ್ತೆ ಮೈಸೂರಿನಿಂದ

-----

ಚಕ್ರಬಡ್ಡಿಯೂ ಅರಿಸಮಾಸವೇ. ಬ್ಯಾಂಕು ಅದನ್ನು ಬಿಟ್ಟಿಲ್ಲ.

— ಧಾರವಾಡ

-----

ಎಲ್ಲರಿಗೂ ಧನ್ಯವಾದ. ಜಗಳ ಮುಂದುವರಿಸಿ, ನನಗೆ ಮಾತ್ರ ಟೈಮಿಲ್ಲ.

ಇವತ್ತು ಬೆಳಿಗ್ಗೆ ಸೈಟಿಗೆ ಹೋಗಿದ್ದೆ. ನಕ್ಷೆಯನ್ನು ಸಿಮೆಂಟ್ ಮೂಟೆ ಮೇಲೆ ಹರಡಿ, ಏನೂ ಹೇಳದೆ, ಇದೇನು ಅಂತ ವೈರಿಂಗ್ ಮೇಸ್ತ್ರಿಯವರನ್ನು ಕೇಳಿದೆ. ಅವರು ಗೆರೆಯ ಮೇಲೆ ಬೆರಳಾಡಿಸಿ ಗೋಡೆಯವರೆಗೆ ಹೋದರು. ಆಮೇಲೆ ಹೇಳಿದರು: “ಪಾಯಿಂಟ್ ಇಲ್ಲೇ ಐತೆ ಮೇಡಂ, ಮಾರ್ಕು ಜರುಗೈತೆ.”

ಜರುಗು! ಬರಹದಲ್ಲಿ ನಾವು ‘ಸಭೆ ಜರುಗಿತು’ ಅಂತ ಮಾತ್ರ ಬಳಸಿ ಬಳಸಿ ಅದರ ಇನ್ನೊಂದು ಅರ್ಥವನ್ನೇ ಬಿಟ್ಟುಬಿಟ್ಟಿದ್ದೇವೆ. ಬಸ್ಸಿನಲ್ಲಿ ‘ಸ್ವಲ್ಪ ಜರುಗಿ’ ಅಂದರೆ ಪಕ್ಕದವರು ನಾಲ್ಕು ಬೆರಳು ಸರಿಯುತ್ತಾರೆ, ಸೀಟು ಸರಿಯುವುದಿಲ್ಲ. ನನಗೆ ಬೇಕಾದ ಅರ್ಥ ಅದೇ.

ಓವರ್‌ಲ್ಯಾಪ್‌ಗೆ ನಾಮಪದ ಹುಡುಕುವುದನ್ನೇ ಬಿಟ್ಟೆ. ‘ಒಂದರ ಮೇಲೊಂದು ಕೂತಿದ್ದರೆ’ ಅಂತ ಕ್ರಿಯಾಪದದಲ್ಲೇ ಕೆಲಸ ಆಗುತ್ತದೆ. ಸೂಚನೆ ಹೀಗಿದೆ:

“ಗುರುತುಗಳು ಒಂದರ ಮೇಲೊಂದು ಕೂತು ಓದಲು ಕಷ್ಟವಾಗುವ ಕಡೆ ಗುರುತನ್ನು ಮಾತ್ರ ಪಕ್ಕಕ್ಕೆ ಜರುಗಿಸಿದೆ. ಪಾಯಿಂಟ್ ಇರುವುದು ಗೆರೆ ಗೋಡೆಗೆ ಮುಟ್ಟುವ ಜಾಗದಲ್ಲಿ. ಗುರುತಿಗೆ ಸ್ಕೇಲ್ ಇಟ್ಟು ಅಳೆಯಬೇಡಿ. ಬರೆದಿರುವ ಅಳತೆಯನ್ನೇ ಹಿಡಿಯಿರಿ.”

ಒಂದು ಉಳಿಯಿತು. ನಾವು ಕೊಡುವ ದೂರ ಗೋಡೆಯ ಅಳತೆ, ಕಾಗದದ್ದಲ್ಲ. 300 ಮಿ.ಮೀ. ಜರುಗಿಸಿದರೆ 1:100ರಲ್ಲಿ 3 ಮಿ.ಮೀ. ಕಾಣುತ್ತದೆ, ಅದೇ 1:50 ಹಾಳೆಯಲ್ಲಿ 6. ಗುರುತು ಮಾತ್ರ ಎರಡರಲ್ಲೂ 3 ಮಿ.ಮೀ. ಇರುವುದರಿಂದ ಅಲ್ಲಿ ಗೆರೆ ಜಾಸ್ತಿ ಉದ್ದ ಕಾಣುತ್ತದೆ. ಈ ಎರಡು ಅಳತೆಗೆ ‘ಗೋಡೆ ಅಳತೆ’, ‘ಹಾಳೆ ಅಳತೆ’ ಅಂತ ಬರೆದಿದ್ದೇನೆ. ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.

-----

ಗೋಡೆ ಅಳತೆ, ಹಾಳೆ ಅಳತೆ ಎರಡೂ ಚೆನ್ನಾಗಿವೆ. ‘ಸ್ಕೇಲ್’ ಬದಲು ‘ಅಳತೆಪಟ್ಟಿ’ ಹಾಕಿ.

— ತೀರ್ಥಹಳ್ಳಿ

-----

ಹಾಕಬೇಡಿ.

— ಧಾರವಾಡ