ಎಪ್ಪತ್ತು ದಾಟಿದವರಿಗೆ ಸುಡೊಕು, ಪದಬಂಧ, ಅಳಗುಳಿಮಣೆ: ಯಾವುದು, ಎಷ್ಟು ಹೊತ್ತು?

ಮಲೆನಾಡ_ಸೊಸೆ
ಮಾವನಿಗೆ 74. ಪೇಪರ್‌ನಲ್ಲಿ ಬರುವ ಸುಡೊಕು ಮುಕ್ಕಾಲು ತುಂಬುತ್ತಾರೆ, ಕೊನೆಗೆ ತಾಳೆಯಾಗದೆ ಸಿಟ್ಟಾಗಿ ಬಿಸಾಡುತ್ತಾರೆ. ಅತ್ತೆಗೆ ಪದಬಂಧ ಹತ್ತೇ ನಿಮಿಷದ ಕೆಲಸ. ಇದರಿಂದ ಮರೆವು ತಡೆಯಬಹುದೇ? ದುಡ್ಡು ಕೊಟ್ಟು ಮೆದುಳಿನ ಆ್ಯಪ್ ಹಾಕಿಸಬೇಕೇ?

ಹಳೇಸೇತುವೆ
ಆ್ಯಪ್‌ಗೆ ದುಡ್ಡು ಸುರಿಯಬೇಡಿ. ಅಮೆರಿಕದಲ್ಲಿ 65 ದಾಟಿದ 2,832 ಜನರ ಮೇಲೆ ನಡೆದ ಆಕ್ಟಿವ್ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ನೆನಪಿನ ತರಬೇತಿ ಪಡೆದವರ ನೆನಪು ಸುಧಾರಿಸಿತು, ತರ್ಕ ಕಲಿತವರ ತರ್ಕ ಸುಧಾರಿಸಿತು. ಒಂದರ ಲಾಭ ಇನ್ನೊಂದಕ್ಕೆ ದಾಟಲಿಲ್ಲ. ಮರೆವು ತಡೆಯುತ್ತೇವೆಂಬಂಥ ಜಾಹೀರಾತಿಗಾಗಿ ಮೆದುಳಿನ ಆಟದ ಆ್ಯಪ್ ಮಾರುವ ಲುಮೋಸಿಟಿ ಕಂಪನಿ 2016ರಲ್ಲಿ 20 ಲಕ್ಷ ಡಾಲರ್ ತೆರಬೇಕಾಯಿತು. ಒಗಟಿನಿಂದ ಹೊತ್ತು ಚೆನ್ನಾಗಿ ಹೋಗುತ್ತದೆ, ಮನಸ್ಸು ಹಗುರಾಗುತ್ತದೆ. ಅಷ್ಟು ಸಾಲದೇ? ಮೆದುಳಿನ ಚಿಂತೆಯಿದ್ದರೆ ಮೊದಲು ಬಿಪಿ, ಸಕ್ಕರೆ, ಕಿವಿ ನೋಡಿಸಿ.

ಚೌಕಟ್ಟು
ಸುಡೊಕು ಕೆಡುವುದು ಊಹೆಯಿಂದ. ಒಂದು ತಪ್ಪು ಅಂಕಿ ಹತ್ತಿಪ್ಪತ್ತು ಮನೆ ತುಂಬಿದ ಮೇಲೆ ಬಯಲಾಗುತ್ತದೆ, ಆಗ ಎಲ್ಲಿ ಎಡವಿದ್ದೆಂದು ತಿಳಿಯುವುದಿಲ್ಲ. ಮಾವನಿಗೆ ಕೆಲವು ದಿನ 6×6 ಕೊಡಿ (36 ಮನೆ, ಒಳಗಿನ ಗುಂಪು 2×3). 9×9ಕ್ಕೆ ಮರಳಿದಾಗ, ಹೆಚ್ಚು ಸಲ ಕಾಣುವ ಅಂಕಿಯೊಂದನ್ನು ಹಿಡಿದು ಒಂಬತ್ತೂ ಗುಂಪುಗಳಲ್ಲಿ ಅದರ ಜಾಗ ಹುಡುಕಲಿ, ಆಮೇಲೆ ಮುಂದಿನ ಅಂಕಿ. ಅನುಮಾನವಿದ್ದರೆ ಅಂಕಿಯನ್ನು ಆ ಮನೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆಯಲಿ. ಒಂದು ಗುಂಪು ಮುಗಿದಂತೆ ನೀವು ಉತ್ತರ ನೋಡಿ ಸರಿ-ತಪ್ಪು ಮಾತ್ರ ಹೇಳಿ.

ಎ4 ಹಾಳೆಗೆ ಒಂದೇ ಒಗಟು, 24 ಪಾಯಿಂಟ್ ಅಂಕಿ, 2ಬಿ ಪೆನ್ಸಿಲ್. ನುಣುಪು ಕಾಗದ ಬೇಡ, ಪೊರೆ ಬಂದ ಕಣ್ಣಿಗೆ ಅದರ ಹೊಳಪು ತೊಂದರೆ. ಇಪ್ಪತ್ತು-ಮೂವತ್ತು ನಿಮಿಷ ಸಾಕು. ಹತ್ತರಲ್ಲಿ ಏಳಾದರೂ ಬಿಡಿಸಲಾಗದಿದ್ದರೆ ಮಟ್ಟ ಇಳಿಸಿ.

ಅತ್ತೆಯವರ ವಿಷಯ ಬೇರೆ. ಗೊತ್ತಿದ್ದ ಪದವನ್ನೇ ಹೊರತೆಗೆಯುತ್ತಿದ್ದಾರೆ, ಶ್ರಮವಿಲ್ಲ. 7×7 ಮನೆಯ ಪದಬಂಧ ಅವರೇ ಕಟ್ಟಲಿ. ಒತ್ತಕ್ಷರ ಸೇರಿ ಒಂದಕ್ಷರಕ್ಕೆ ಒಂದೇ ಮನೆ ಎಂಬ ನಿಯಮದಲ್ಲಿ ಅಡ್ಡ-ಉದ್ದ ಪದ ಕೂಡಿಸುವುದು ಬಿಡಿಸುವುದಕ್ಕಿಂತ ಬಹಳ ಕಷ್ಟ.

ಕವಡೆ_ನಾಲ್ಕು
ಇಬ್ಬರನ್ನೂ ಎದುರುಬದುರು ಕೂರಿಸಿ ಅಳಗುಳಿಮಣೆ ಆಡಿಸಿ ಮೇಡಂ. 14 ಗುಳಿ, ಗುಳಿಗೆ 5ರಂತೆ 70 ಕಾಯಿ. ಗುಳಿಗೊಂದರಂತೆ ಹಂಚುತ್ತ ಹೋದರೆ ಕಾಯಿ ಎಲ್ಲಿಗೆ ಮುಗಿಯುತ್ತದೆಂದು ಎತ್ತುವ ಮೊದಲೇ ಬಾಯಿಬಿಟ್ಟು ಹೇಳಬೇಕು ಅಂತ ನಿಯಮ ಮಾಡಿ, ಲೆಕ್ಕ ತಲೆಯಲ್ಲೇ ನಡೆಯುತ್ತದೆ. ಮಂಡಿ ನೋವಿದ್ದರೆ ಮಣೆ ಮೇಜಿನ ಮೇಲಿರಲಿ, ಕೆಳಗೆ ಟವೆಲ್ ಹಾಸಿದರೆ ಜಾರುವುದಿಲ್ಲ.

ಮಲೆನಾಡ_ಸೊಸೆ
ಅಟ್ಟದಲ್ಲಿ ಮಣೆ ಇದೆ. ಜೊತೆಗೆ ಒಂದು ಡಬ್ಬಿ ಗುಲಗಂಜಿ. ಅದನ್ನೇ ಬಳಸಲೇ?

ಕವಡೆ_ನಾಲ್ಕು
ಬೇಡವೇ ಬೇಡ. ಗುಲಗಂಜಿಯಲ್ಲಿ ಅಬ್ರಿನ್ ವಿಷವಿದೆ. ಅಗಿದರೆ, ಅಥವಾ ತೂತು ಮಾಡಿದ ಕಾಳು ನುಂಗಿದರೆ ಜೀವಕ್ಕೇ ಅಪಾಯ. ಮಾತ್ರೆ ನುಂಗುವ ವಯಸ್ಸಿನವರು, ಮೊಮ್ಮಕ್ಕಳು ಇರುವ ಮನೆಯಲ್ಲಿ ಅದು ಕೈಗೆ ಸಿಗಬಾರದು. ಹುಣಸೆ ಬೀಜ ಸಾಕು. ಬೆರಳು ಬಿಗಿದು ಅದು ಜಾರುತ್ತಿದ್ದರೆ ಗಜ್ಜುಗ ತನ್ನಿ, ಆದರೆ ಗುಳಿಗೆ 4 ಹಾಕಿ. ಐದಾದರೆ ಆಟ ನಡೆದಂತೆ ಗುಳಿ ತುಂಬಿ ಉರುಳುತ್ತವೆ.

ಹಳೇಸೇತುವೆ
ಒಂದು ಮಾತು ಬಿಟ್ಟಿದ್ದೆ. ಮೊನ್ನೆವರೆಗೂ ಸಲೀಸಾಗಿ ಬಿಡಿಸುತ್ತಿದ್ದವರು ಕೆಲವೇ ದಿನಗಳಲ್ಲಿ ತಡವರಿಸತೊಡಗಿದರೆ ಒಗಟು ಬದಲಿಸುತ್ತ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಮೂತ್ರದ ಸೋಂಕು, ಹೊಸ ಮಾತ್ರೆ ಏನಾದರೂ ಇರಬಹುದು. ನಿಧಾನವಾಗಿ ಕುಗ್ಗುತ್ತಿದ್ದರೆ ಬಿ12 ಕೊರತೆ, ಥೈರಾಯ್ಡ್ ಕೂಡ ಇರಬಹುದು. ಆಟದ ಆಸೆಯೇ ಹೋಗಿ ಊಟ-ನಿದ್ದೆ ಕೆಟ್ಟಿದ್ದರೆ ಖಿನ್ನತೆಯೂ ಇರಬಹುದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.