ರಿಂಗ್‌ಮಾಸ್ಟರ್ ಪಿಚ್ಚರ್ ನೋಡ್ಬೋದಾ?

ಸರಸ್ವತಿಪುರಂ ಹುಡ್ಗ: ಗುರು, ಅಮೆರಿಕದ ಟೀವೀಲಿ ಜೆರ್ರಿ ಸ್ಪ್ರಿಂಗರ್ ಶೋ ಇತ್ತಲ್ಲ, ಜನ ಮನೆ ಜಗಳ ತಂದು ಸ್ಟೇಜ್ ಮೇಲೇ ಜುಟ್ಟು ಹಿಡ್ಕೊಂಡು ಹೊಡೆದಾಡೋದು, ಆ ಥರದ ಶೋ ಇಟ್ಕೊಂಡು 1998ರಲ್ಲಿ ಕಾಮಿಡಿ ಪಿಚ್ಚರ್ ಬಂದಿತ್ತಂತೆ, ಯಾರಾದ್ರೂ ನೋಡಿದೀರಾ?

ಮದ್ದೂರ್ ಹೈದ: ನೋಡಿವ್ನಿ. ಮನೇವ್ರ ಜೊತೆ ಮಾತ್ರ ಹಾಕ್ಬೇಡ ಕಣಪ್ಪ. ಮಗಳಿಗೆ ಮಲತಂದೆ ಜೊತೆ ಸಂಬಂಧ, ಅವ್ವ ಸೇಡಿಗೆ ಮಗಳ ಹುಡುಗನ್ನೇ ಬುಟ್ಟಿಗೆ ಹಾಕ್ಕೊತಾಳೆ, ಆಮ್ಯಾಕೆ ಎಲ್ರೂ ಟೀವಿಗೆ ಹೊಂಟೋಯ್ತಾರೆ. ಸ್ಪ್ರಿಂಗರೇ ಆಕ್ಟ್ ಮಾಡವ್ನೆ, ಹೆಸ್ರು ಮಾತ್ರ ಜೆರ್ರಿ ಫ್ಯಾರೆಲ್ಲಿ. ಜೋಕೆಲ್ಲಾ ಚೀಪು, ಆದ್ರೂ ಆ ಅವ್ವನ ಪಾತ್ರ ನಂಗೆ ಹಿಡಿಸ್ತು.

ಕುವೆಂಪುನಗರದವಳು: ನಂಗಂತೂ ಬೇಜಾರಾಯ್ತು. ಕೈಯಲ್ಲಿ ಕಾಸಿಲ್ದಿರೋ ಜನ ಒಂದಿನ ಟೀವೀಲಿ ಕಾಣಿಸ್ಕೋಬೇಕು ಅಂತ ಮನೆ ಮಾನ ಹರಾಜು ಹಾಕೋದು, ನಾವು ಕೂತ್ಕೊಂಡು ನಗೋದು. ಸ್ಪ್ರಿಂಗರ್ ಮೊದ್ಲು ಅಲ್ಲಿನ ಸಿನ್ಸಿನಾಟಿ ಅನ್ನೋ ಊರಿನ ಮೇಯರ್ ಆಗಿದ್ದೋನು, 1991ರಿಂದ 2018ರವರೆಗೆ ಶೋ ನಡೆಸ್ದ. ನಮ್ಮ ಚಾನೆಲ್‌ಗಳೂ ಗಂಡ ಹೆಂಡ್ತಿ ಜಗಳಾನ ಸ್ಟುಡಿಯೋಗೆ ತಂದ್ವಲ್ಲ, ಅಕ್ಕಪಕ್ಕದವ್ರು ನೋಡ್ತಾರೆ ಅನ್ನೋ ಯೋಚ್ನೆನೇ ಇಲ್ಲ, ಮಕ್ಕಳು ನಾಳೆ ಸ್ಕೂಲಿಗೆ ಹೋಗ್ಬೇಕಲ್ವಾ?

ಮದ್ದೂರ್ ಹೈದ: ಅದು ದಿಟ ಕಣಕ್ಕ. ಪಿಚ್ಚರ್‌ನಾಗೆ ಅದ್ನೂ ಒಸಿ ತೋರ್ಸವ್ರೆ, ಪೂರ್ತಿ ನೋಡು.